ಶಾಂತವೇರಿ ಗೋಪಾಲಗೌಡರು

ನವೆಂಬರ್ ತಿಂಗಳು ಬಂದಿತೆಂದರೆ ಹೊರನಾಡಿನಲ್ಲಿರುವ ನಮಗೆಲ್ಲ ಒಂದು ಬಗೆಯ ಸಡಗರ. ಸಂಘದ ಸಭಾಂಗಣಕ್ಕೆ ತೋರಣ ಕಟ್ಟುತ್ತೇವೆ, ಭುವನೇಶ್ವರಿಯ ಪಟಕ್ಕೆ ಹಾರ ಹಾಕುತ್ತೇವೆ, ಮಕ್ಕಳಿಂದ ಹಾಡು ಹೇಳಿಸುತ್ತೇವೆ. ವೇದಿಕೆಯ ಮೇಲಿಂದ ಆಲೂರು ವೆಂಕಟರಾಯರು, ಗುದ್ಲೆಪ್ಪ ಹಳ್ಳಿಕೇರಿಯವರು, ನಿಜಲಿಂಗಪ್ಪನವರು, ಕೆಂಗಲ್ ಹನುಮಂತಯ್ಯನವರು ಮೊದಲಾದವರ ಹೆಸರುಗಳು ತಪ್ಪದೆ ಕೇಳಿಬರುತ್ತವೆ. ಬರಬೇಕಾದುದೇ. ಆದರೆ ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರೇ ಇರಬೇಕೆಂದು ಶಾಸನಸಭೆಯಲ್ಲಿ ಗಟ್ಟಿಯಾಗಿ ಕೇಳಿ, ಆ ಹೆಸರು ಬರುವುದಕ್ಕೆ ಒಂದು ವರ್ಷದ ಹಿಂದೆಯೇ ಕಣ್ಣು ಮುಚ್ಚಿದ ಒಬ್ಬರ ಹೆಸರು ಈ ಸಾಲಿನಲ್ಲಿ ಅಪರೂಪಕ್ಕೂ ಬರುವುದಿಲ್ಲ. ಅವರೇ ಶಾಂತವೇರಿ ಗೋಪಾಲಗೌಡರು. ಮಲೆನಾಡಿನ ಹಳೆಯ ತಲೆಗಳಿಗೆ ಅವರ ಪರಿಚಯ ಮಾಡಿಕೊಡಬೇಕಾಗಿಲ್ಲ. ಇಲ್ಲೇ ಹುಟ್ಟಿ ಇಲ್ಲೇ ಬೆಳೆಯುತ್ತಿರುವ ನಮ್ಮ ಮಕ್ಕಳಿಗಾಗಿ ಈ ನಾಲ್ಕು ಮಾತು.

ಗೋಪಾಲಗೌಡರು ಹುಟ್ಟಿದ್ದು 1923ನೆಯ ಇಸವಿ ಮಾರ್ಚ್ 14ರಂದು, ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಶಾಂತವೇರಿ ಎಂಬುದು ಅವರ ಹಿರಿಯರ ಮೂಲದ ಊರು. ಹೆಸರಿನ ಹಿಂದೆ ಗೌಡ ಎಂದಿದ್ದ ಮಾತ್ರಕ್ಕೆ ಅಡಕೆ ತೋಟ, ಆನೆಬಾಗಿಲು, ಆಳುಕಾಳುಗಳ ಮನೆತನವೆಂದು ಯಾರೂ ತಿಳಿಯಬಾರದು. ಕೈಗೆ ಬಂದದ್ದು ಬಾಯಿಗೆ ಸಾಲುವಂಥ ಸಾಧಾರಣ ಸಂಸಾರ. ತೀರ್ಥಹಳ್ಳಿ ತಾಲ್ಲೂಕಿಗೆ ಆ ಕಾಲದಲ್ಲಿ ಏನೋ ಒಂದು ಭಾಗ್ಯವಿದ್ದಿತು. ಕುಪ್ಪಳಿಯ ಕುವೆಂಪು ಅವರು ಆ ನೆಲದವರು. ಮುಂದೆ ಮುಖ್ಯಮಂತ್ರಿಗಳಾದ ಕಡಿದಾಳ್ ಮಂಜಪ್ಪನವರು ಆ ನೆಲದವರು. ಇವರೆಲ್ಲರಿಗಿಂತ ಕಿರಿಯರಾದ ಯು. ಆರ್. ಅನಂತಮೂರ್ತಿಯವರೂ ಅಲ್ಲಿಯವರೇ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಹೊರಜಗತ್ತಿನ ಸಂಪರ್ಕವೇ ತಪ್ಪಿಹೋಗುತ್ತಿದ್ದ ಆ ಕಾಡಿನ ಮೂಲೆಯಲ್ಲಿ ಇಷ್ಟು ಮಂದಿ ಹೇಗೆ ತಲೆಯೆತ್ತಿದರೆಂದು ಆಶ್ಚರ್ಯವಾಗುತ್ತದೆ.

ಗೋಪಾಲಗೌಡರ ಬಾಳನ್ನು ತಿಳಿಯಬೇಕಾದರೆ ಅಂದಿನ ಮೈಸೂರು ಸಂಸ್ಥಾನದಲ್ಲಿ ಮತ ಯಾರ ಕೈಯಲ್ಲಿತ್ತು ಎಂಬುದನ್ನು ಮೊದಲು ತಿಳಿಯಬೇಕು. ಮೈಸೂರು ಮಾದರಿ ಸಂಸ್ಥಾನವೆಂದು ನಾವು ಹೆಮ್ಮೆಪಡುತ್ತೇವೆ; ಅದು ಸುಳ್ಳಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿಯೇ, ಅಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. ದೇಶದಲ್ಲಿ ಬೇರೆಲ್ಲಿಯೂ ಅಂಥದೊಂದು ಇಲ್ಲದಿದ್ದ ಕಾಲವದು. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂದಿತು. 1923ರ ಸುಧಾರಣೆಯಲ್ಲಿ ಹೆಂಗಸರಿಗೂ ಮತಾಧಿಕಾರದ ಬಾಗಿಲು ತೆರೆಯಿತು. ಆದರೆ ಈ ಮತಾಧಿಕಾರವೆಲ್ಲ ಆಸ್ತಿಗೆ, ಕಂದಾಯಕ್ಕೆ, ಓದಿಗೆ ಕಟ್ಟಿದ ಅಧಿಕಾರ. ಸರ್ಕಾರಕ್ಕೆ ಇಂತಿಷ್ಟು ಕಂದಾಯ ಕಟ್ಟುವವನು ಮತದಾರ. ಹಾಗಾದರೆ ಭೂಮಿಯನ್ನು ಉತ್ತು, ಬಿತ್ತು, ಬೆಳೆದು, ಬೆಳೆದುದರಲ್ಲಿ ಹೆಚ್ಚಿನ ಪಾಲನ್ನು ಒಡೆಯರ ಕಣಜಕ್ಕೆ ಸುರಿದು ಬರುವ ಗೇಣಿದಾರ? ಅವನ ಹೆಸರಿನಲ್ಲಿ ಕಂದಾಯವಿಲ್ಲ. ಆದುದರಿಂದ ಮತವೂ ಇಲ್ಲ. ಅವನ ಪರವಾಗಿ ಯೋಚನೆ ಮಾಡಲು ಒಡೆಯರಿದ್ದಾರಲ್ಲ! ಹೀಗೆ ಪ್ರಜಾಪ್ರತಿನಿಧಿ ಸಭೆಯ ಹೆಸರಿನಲ್ಲಿ ಪ್ರಜೆ ಇದ್ದನಾದರೂ ಮಲೆನಾಡಿನ ಗದ್ದೆಯಲ್ಲಿ ಕೆಸರು ತುಳಿಯುವವನು ಆ ಲೆಕ್ಕಕ್ಕೆ ಸೇರಿರಲಿಲ್ಲ.

ಹುಡುಗ ಗೋಪಾಲ ಕಣ್ಣು ಬಿಟ್ಟು ನೋಡಿದ ಸಮಾಜ ಇದು. 1942ರಲ್ಲಿ ಚಲೇಜಾವ್ ಚಳವಳಿ ಬಂದಿತು. ಅದೇ ಜಿಲ್ಲೆಯ ಈಸೂರು ಗ್ರಾಮ ತಾನು ಸ್ವತಂತ್ರವೆಂದು ಸಾರಿಕೊಂಡು, ಅದಕ್ಕಾಗಿ ಐವರು ಮಕ್ಕಳನ್ನು ಗಲ್ಲಿಗೆ ಒಪ್ಪಿಸಿದುದು ನಾಡಿಗೆಲ್ಲ ತಿಳಿದ ಸಂಗತಿ. ಆ ಬಿಸಿಯಲ್ಲಿ ವಿದ್ಯಾರ್ಥಿ ಗೋಪಾಲಗೌಡರೂ ಚಳವಳಿಗೆ ಧುಮುಕಿ ಶಿವಮೊಗ್ಗದ ಸೆರೆಮನೆ ಸೇರಿದರು. ಆಗ ಅವರಿಗೆ ಹತ್ತೊಂಬತ್ತು ವರ್ಷ. ಅಂದಿನ ಎಷ್ಟೋ ತರುಣರಿಗೆ ಆದಂತೆ ಅವರಿಗೂ ಸೆರೆಮನೆಯೇ ರಾಜಕೀಯದ ಪಾಠಶಾಲೆಯಾಯಿತು.

1947ರ ಆಗಸ್ಟಿನಲ್ಲಿ ದೇಶ ಸ್ವತಂತ್ರವಾದರೂ ಮೈಸೂರಿನ ಜನ ಇನ್ನೂ ಒಂದು ಸುತ್ತು ಹೋರಾಡಬೇಕಾಯಿತು. ಮೈಸೂರು ಚಲೋ ನಡೆದು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂದಿತು. ಅಷ್ಟಾದ ಮೇಲೆ ಬಹಳ ಮಂದಿ ಕಾಂಗ್ರೆಸ್ಸಿನಲ್ಲಿ ನೆಮ್ಮದಿಯಾಗಿ ಉಳಿದರು. ಉಳಿದವರನ್ನು ತಪ್ಪೆನ್ನಲಾಗದು, ಅಧಿಕಾರ ಅಲ್ಲಿತ್ತು, ಕೆಲಸ ಮಾಡಲು ಅವಕಾಶವೂ ಅಲ್ಲಿತ್ತು. ಆದರೆ 1948ರಲ್ಲಿ ನಾಸಿಕದಲ್ಲಿ ಸಮಾಜವಾದಿಗಳು ಕಾಂಗ್ರೆಸ್ಸಿನಿಂದ ಹೊರಗೆ ಬಂದು ತಮ್ಮದೇ ಪಕ್ಷ ಕಟ್ಟಿದಾಗ, ಮಲೆನಾಡಿನ ಕೆಲವು ತರುಣರು ಕೈಯಲ್ಲಿ ಕಾಸಿಲ್ಲದ, ಕಚೇರಿಗೆ ಸರಿಯಾದ ಬಾಗಿಲಿಲ್ಲದ ಆ ಪಕ್ಷವನ್ನು ಹಿಡಿದರು. ಗೋಪಾಲಗೌಡರು ಅವರಲ್ಲಿ ಒಬ್ಬರು. ಹಳ್ಳಿಯಿಂದ ಹಳ್ಳಿಗೆ ಕಾಲ್ನಡಿಗೆ, ಯಾರದೋ ಜಗಲಿಯ ಮೇಲೆ ನಿದ್ದೆ, ಸಿಕ್ಕಿದ ಮನೆಯಲ್ಲಿ ಗಂಜಿ, ಬುಡ್ಡಿದೀಪದ ಬೆಳಕಿನಲ್ಲಿ ಸಭೆ. ಪಕ್ಷ ಕಟ್ಟುವುದೆಂದರೆ ಆಗ ಇಷ್ಟೇ.

ಇನ್ನು ಕಾಗೋಡಿನ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಿದರೆ ಓದುಗರು ಬೇಸರಿಸಬಾರದು.

ಕಾಗೋಡು ಸಾಗರದ ಸಮೀಪದ ಒಂದು ಸಣ್ಣ ಹಳ್ಳಿ. ಗೇಣಿ ಮಾಡುತ್ತಿದ್ದವರು ಹೆಚ್ಚಾಗಿ ದೀವರ ಜನ. ಒಡೆತನದ ಮನೆಗಳು ಬೆರಳೆಣಿಕೆ. ಒಕ್ಕಲಾದವನು ಒಡೆಯರ ಮುಂದೆ ಮೊಣಕಾಲು ಮುಚ್ಚುವ ಪಂಚೆ ಉಡಬಾರದು, ಮೆಟ್ಟು ಮೆಟ್ಟಬಾರದು, ಸರಿಸಮಕ್ಕೆ ಕುಳಿತುಕೊಳ್ಳಬಾರದು. ಕರೆದಾಗ ಬಿಟ್ಟಿ ದುಡಿಮೆಗೆ ಹೋಗಬೇಕು. ಇವೆಲ್ಲ ಎಲ್ಲಿಯೂ ಬರೆದಿಟ್ಟ ಕಾನೂನಾಗಿರಲಿಲ್ಲ. ಬರೆದಿಡದ ಕಾನೂನನ್ನು ಮುರಿಯುವುದು ಬರೆದಿಟ್ಟುದನ್ನು ಮುರಿಯುವುದಕ್ಕಿಂತ ಕಷ್ಟ. ಇದರ ಮೇಲೆ ಕೊಳಗದ ಸಂಕಟ. ಗೇಣಿಯ ಭತ್ತವನ್ನು ಅಳೆಯುವ ಕೊಳಗ ಒಡೆಯರದೇ. ಪೇಟೆಯಲ್ಲಿ ನಡೆಯುವ ಕೊಳಗಕ್ಕಿಂತ ಅದು ದೊಡ್ಡದು. ಕಾಗದದ ಮೇಲೆ ಕೊಳಗದ ಲೆಕ್ಕ ಸರಿಯಾಗಿಯೇ ಇರುತ್ತದೆ. ಒಕ್ಕಲಿನ ಕಣಜದಲ್ಲಿ ಮಾತ್ರ ಪ್ರತಿ ವರ್ಷವೂ ಲೆಕ್ಕ ತಪ್ಪುತ್ತದೆ. ಕೊಟ್ಟ ಗೇಣಿಗೆ ರಸೀತಿ ಕೇಳುವಂತಿಲ್ಲ. ಕೇಳಿದವನಿಗೆ ಮುಂದಿನ ವರ್ಷ ಗದ್ದೆಯಿಲ್ಲ.

ಹೆಚ್. ಗಣಪತಿಯಪ್ಪನವರು ಸಾಗರ ತಾಲ್ಲೂಕಿನ ಈ ರೈತರನ್ನು ಒಂದುಗೂಡಿಸಿ ಸಂಘ ಕಟ್ಟಿದರು. ಮೊದಲ ಗೌರವ ಸಲ್ಲಬೇಕಾದುದು ಅವರಿಗೆ ಮತ್ತು ಹೆಸರು ಉಳಿಯದ ಆ ಒಕ್ಕಲುಗಳಿಗೆ. ಕೊಳಗವನ್ನು ಸರಿಪಡಿಸಿರಿ, ರಸೀತಿ ಕೊಡಿರಿ, ಮನುಷ್ಯರಂತೆ ಕಾಣಿರಿ ಎಂಬಷ್ಟೇ ಅವರ ಬೇಡಿಕೆ. ಭೂಮಿಯೇ ನಮ್ಮದಾಗಬೇಕು ಎಂಬ ಮಾತು ಇನ್ನೂ ಹುಟ್ಟಿರಲಿಲ್ಲ. ಆ ಸಣ್ಣ ಬೇಡಿಕೆಗೆ ಉತ್ತರವಾಗಿ ಬಂದುದು ಗದ್ದೆಯಿಂದ ಉಚ್ಚಾಟನೆ. ಆಗ ಸಮಾಜವಾದಿ ಪಕ್ಷ ರೈತರ ಬೆನ್ನಿಗೆ ನಿಂತಿತು. ಗೋಪಾಲಗೌಡರು ಮುಂದೆ ನಿಂತರು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ಕ್ರಮ ಬಹು ಸರಳ. ರೈತರು ನೇಗಿಲು ಹೊತ್ತು ತಾವು ಉಳುತ್ತಿದ್ದ ಗದ್ದೆಗೆ ಇಳಿಯುವುದು. ಪೋಲೀಸರು ಹಿಡಿದುಕೊಂಡು ಹೋಗುವುದು. ಮರುದಿನ ಇನ್ನೊಂದು ತಂಡ ಇಳಿಯುವುದು. ಉಪ್ಪಿನ ಸತ್ಯಾಗ್ರಹದಲ್ಲಿ ಉಪ್ಪು ಕಾಯಿಸಿದ ಹಾಗೆ ಇಲ್ಲಿ ಉಳುಮೆ. ಹೆಂಗಸರೂ ಹಿಂದೆ ಉಳಿಯಲಿಲ್ಲ. ಜೂನಿನಲ್ಲಿ ಡಾಕ್ಟರ್ ರಾಮಮನೋಹರ ಲೋಹಿಯಾ ಅವರು ಸಾಗರಕ್ಕೆ ಬಂದು ತಾವೂ ಬಂಧನಕ್ಕೆ ಒಳಗಾದರು. ಕಾಗೋಡೆಂಬ ಹೆಸರು ದಿಲ್ಲಿಯ ಪತ್ರಿಕೆಗಳವರೆಗೆ ಹೋಯಿತು.

ಸತ್ಯಾಗ್ರಹ ಗೆದ್ದಿತೆ? ಅಂದಿನ ಲೆಕ್ಕದಲ್ಲಿ ಗೆಲ್ಲಲಿಲ್ಲ. ಜೈಲಿನಿಂದ ಹೊರಬಂದವರಿಗೆ ಗದ್ದೆ ಕೈಗೆ ಸಿಕ್ಕಲಿಲ್ಲ. ಎಷ್ಟೋ ಸಂಸಾರಗಳು ಕಂಗಾಲಾದವು. ಮುಂದಾಳುಗಳು ತಮ್ಮನ್ನು ನಡುನೀರಿನಲ್ಲಿ ಬಿಟ್ಟರೆಂದು ಗೊಣಗಿದವರೂ ಇದ್ದಿರಬೇಕು. ಇಲ್ಲದಿದ್ದರೆ ಅದು ಮನುಷ್ಯಸ್ವಭಾವವಾಗುತ್ತಿರಲಿಲ್ಲ. ಆದರೆ ಒಡೆಯರ ಎದುರಿಗೆ ತಲೆ ತಗ್ಗಿಸಿಯೇ ನಿಲ್ಲುತ್ತಿದ್ದ ಮಂದಿ ಒಂದು ಸಲ ತಲೆ ಎತ್ತಿ ಗದ್ದೆಗೆ ಇಳಿದು, ಜೈಲಿಗೆ ಹೋಗಿ, ಬದುಕಿ ತಿರುಗಿ ಬಂದಿದ್ದರು. ಆಕಾಶ ಬೀಳಲಿಲ್ಲವೆಂಬುದು ಅವರಿಗೆ ತಿಳಿದುಹೋಯಿತು. ಅವರು ಕಲಿತ ಈ ಪಾಠದ ಪರೀಕ್ಷೆ ವರ್ಷ ತುಂಬುವ ಮುನ್ನವೇ ಬಂದಿತು.

1952ರ ಮೊದಲ ಮಹಾಚುನಾವಣೆಯನ್ನು ಈಗ ನೆನೆದರೆ ಪುರಾಣದಂತೆ ತೋರುತ್ತದೆ. ದೇಶದಲ್ಲಿ ಹದಿನೇಳು ಕೋಟಿಗೂ ಮೀರಿ ಮತದಾರರು. ಓದುಬರಹ ಬಲ್ಲವರು ನೂರಕ್ಕೆ ಹದಿನೆಂಟು ಮಂದಿ. ಹೆಬ್ಬೆಟ್ಟಿನವರ ಕೈಗೆ ರಾಜ್ಯ ಕೊಡಬಹುದೆ ಎಂದು ದೊಡ್ಡ ದೊಡ್ಡವರೇ ಮೂಗು ಮುರಿಯುತ್ತಿದ್ದ ಕಾಲ. ಇಪ್ಪತ್ತೊಂದು ತುಂಬಿದ ಎಲ್ಲರಿಗೂ, ಗಂಡಸರಿಗೂ ಹೆಂಗಸರಿಗೂ, ಕಂದಾಯ ಕಟ್ಟುವವನಿಗೂ ಕಟ್ಟದವನಿಗೂ ಒಂದೊಂದೇ ಮತ. ಇದರಲ್ಲಿ ಇನ್ನೊಂದು ತೊಡಕೂ ಇದ್ದಿತು. ಉತ್ತರದ ಕೆಲವು ರಾಜ್ಯಗಳಲ್ಲಿ ಹೆಂಗಸರು ತಮ್ಮ ಹೆಸರು ಹೇಳಲೊಲ್ಲದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಹೇಳಿದುದರಿಂದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗೆ ಉಳಿದರು. ಮತ ಹಾಕುವುದಕ್ಕೆ ಮೊದಲು ಮನುಷ್ಯನಿಗೆ ಒಂದು ಹೆಸರು ಬೇಕಲ್ಲವೆ! (ಊರು ಬಿಟ್ಟು ಬಂದು, ಬಾಡಿಗೆ ಮನೆ ಬದಲಾಯಿಸಿದಾಗಲೆಲ್ಲ ಒಂದೊಂದು ಪಟ್ಟಿಯಿಂದ ಕಳಚಿಹೋಗುವ ನಮ್ಮಂಥ ಪರಸ್ಥಳದವರಿಗೆ ಈ ಕಷ್ಟ ಬೇಗ ಅರ್ಥವಾಗುತ್ತದೆ.)

ಆಗ ಇಂದಿನಂತೆ ಯಂತ್ರವಿರಲಿಲ್ಲ. ಚೀಟಿಯ ಮೇಲೆ ಮುದ್ರೆ ಒತ್ತುವ ಪದ್ಧತಿಯೂ ಬಂದಿರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಚಿಹ್ನೆ. ಕಾಂಗ್ರೆಸ್ಸಿಗೆ ಜೋಡೆತ್ತು, ಸಮಾಜವಾದಿಗಳಿಗೆ ಆಲದ ಮರ. ಪರದೆಯ ಹಿಂದೆ ಹೋಗಿ ತನಗೆ ಬೇಕಾದ ಪೆಟ್ಟಿಗೆಯಲ್ಲಿ ಚೀಟಿಯನ್ನು ಹಾಕಿದರೆ ಮುಗಿಯಿತು. ನಾಸಿಕದಲ್ಲಿ ಅಚ್ಚಾದ ಆ ಚೀಟಿ ಒಂದು ರೂಪಾಯಿಯ ನೋಟಿನಷ್ಟೇ ಅಳತೆಯದು. ಎತ್ತು ಎಂದರೆ ರೈತನಿಗೆ ದೇವರು. ಗಾಂಧಿ, ನೆಹರೂ ಅವರ ಹೆಸರಿಗೆ ಊರೂರಿನಲ್ಲಿ ಆರತಿ. ಇಂಥ ಎದುರಾಳಿಯ ಮುಂದೆ ಆಲದ ಮರದ ಪೆಟ್ಟಿಗೆಗೆ ಚೀಟಿ ಬೀಳಬೇಕಾದರೆ, ಪರದೆಯ ಹಿಂದೆ ತಾನು ಏನು ಮಾಡುವೆನೆಂಬುದು ಒಡೆಯರಿಗೆ ಕಾಣದೆಂಬ ನಂಬಿಕೆ ಒಕ್ಕಲಿಗೆ ಬರಬೇಕು. ಸೇವಕನ ಮನಸ್ಸಿನ ಮೂಲೆಯೂ ಒಡೆಯನಿಗೆ ಕಾಣುತ್ತದೆಂದು ತಲೆತಲಾಂತರದಿಂದ ನಂಬಿ ಬಂದವರಿಗೆ ಆ ಪರದೆಯನ್ನು ನಂಬಿಸುವುದು ಸಣ್ಣ ಕೆಲಸವಲ್ಲ. ಗೋಪಾಲಗೌಡರೂ ಅವರ ಗೆಳೆಯರೂ ಹಳ್ಳಿ ಹಳ್ಳಿಗಳಲ್ಲಿ ಮಾಡಿದ ಪ್ರಚಾರವನ್ನು ಪ್ರಚಾರವೆನ್ನುವುದಕ್ಕಿಂತ ಅಕ್ಷರಾಭ್ಯಾಸವೆಂದರೆ ಸಲ್ಲುತ್ತದೆ.

ಶಾಸನಸಭೆಯ ಅಭ್ಯರ್ಥಿ ಕಟ್ಟಬೇಕಾದ ಠೇವಣಿ 250 ರೂಪಾಯಿ. ಈಗ ಕೇಳಿದರೆ ನಗು ಬರುವ ಮೊತ್ತ. ಅಂದು ಗೋಪಾಲಗೌಡರಂಥವರಿಗೆ ಅದು ಬೆಟ್ಟ. ಇಲ್ಲಿಯೇ ಅವರ ಹೆಸರಿನೊಂದಿಗೆ ಸೇರಿಹೋಗಿರುವ ಆ ಪದ್ಧತಿ ಬೆಳೆಯಿತು. ಮತ ಕೇಳಲು ಹೋದವರು ಮತದ ಜೊತೆಗೆ ಒಂದು ನೋಟನ್ನೂ ಕೇಳುವುದು. ನಾಲ್ಕಾಣೆ ಕೊಟ್ಟವರು ನಾಲ್ಕಾಣೆ, ರೂಪಾಯಿ ಕೊಟ್ಟವರು ರೂಪಾಯಿ. ಇದರ ಜಾಣತನವನ್ನು ಗಮನಿಸಬೇಕು. ಹಣ ಕೊಟ್ಟವನು ಆ ಅಭ್ಯರ್ಥಿಯನ್ನು ತನ್ನವನೆಂದು ತಿಳಿಯುತ್ತಾನೆ. ಗೆದ್ದ ಮೇಲೆ ಲೆಕ್ಕ ಕೇಳುವ ಹಕ್ಕು ಅವನಿಗೆ ತಾನಾಗಿ ಬರುತ್ತದೆ. ಬಡ ಅಭ್ಯರ್ಥಿಗೆ ಚುನಾವಣೆಯ ಖರ್ಚು, ಬಡ ಮತದಾರನಿಗೆ ಮರ್ಯಾದೆ, ಎರಡೂ ಒಂದೇ ಏಟಿಗೆ ಸಿಕ್ಕಿದವು. ಇಂದು ಚುನಾವಣೆಯಲ್ಲಿ ಹಣ ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹರಿಯುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ.

ಸಾಗರ-ಹೊಸನಗರ ಕ್ಷೇತ್ರದಲ್ಲಿ ಗೋಪಾಲಗೌಡರ ಎದುರಾಳಿ ಕಾಂಗ್ರೆಸ್ಸಿನ ಎ. ಆರ್. ಬದರಿನಾರಾಯಣರು. ಅವರೇನು ಸಾಮಾನ್ಯರಲ್ಲ, ಸಂಭಾವಿತರು, ಜಿಲ್ಲೆಯಲ್ಲಿ ಹೆಸರಾದವರು. ಪೆಟ್ಟಿಗೆ ತೆರೆದಾಗ ಗೆದ್ದವರು ಇಪ್ಪತ್ತೆಂಟು ವರ್ಷದ ಗೋಪಾಲಗೌಡರು. 99 ಸ್ಥಾನಗಳ ಮೈಸೂರು ಶಾಸನಸಭೆಯಲ್ಲಿ ಕಾಂಗ್ರೆಸ್ಸಿಗೆ 74 ಬಂದಿದ್ದವು. ಶಿವಮೊಗ್ಗದ ಲೋಕಸಭಾ ಸ್ಥಾನವೂ ಕಾಂಗ್ರೆಸ್ಸಿನದೇ ಆಯಿತು. ಎತ್ತ ನೋಡಿದರೂ ಜೋಡೆತ್ತು ಗೆದ್ದು ನಿಂತಿದ್ದ ಕಾಲದಲ್ಲಿ ಸಾಗರದ ಒಕ್ಕಲುಗಳು ತಮಗೆ ಬೇಕಾದವನನ್ನು ಆರಿಸಿಕೊಂಡಿದ್ದರು. ಅಲ್ಲಿ ಮತ ಹಾಕಿದ ಹಳ್ಳಿಗಳಲ್ಲಿ ಎಷ್ಟೋ ಈಗ ಭೂಪಟದಲ್ಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ಶರಾವತಿ ತುಂಬಿದಾಗ ಅವು ನೀರಿನ ತಳ ಸೇರಿದವು. ಬೆಂಗಳೂರಿನ ದೀಪ ಉರಿಯಿತು.

ಶಾಸನಸಭೆಯಲ್ಲಿ ಅವರ ಮಾತು ಕನ್ನಡದಲ್ಲಿ. ಇದರಲ್ಲೇನು ದೊಡ್ಡದೆಂದು ಇಂದಿನವರು ಕೇಳಬಹುದು. ಅಂದು ಕಾನೂನು, ಆಯವ್ಯಯ, ನಡಾವಳಿ ಎಲ್ಲಕ್ಕೂ ಇಂಗ್ಲಿಷೇ ದೊಡ್ಡ ಮನೆಯ ಭಾಷೆ. ಕನ್ನಡ ಮಾತನಾಡಿದರೆ ಹಳ್ಳಿಯವನೆಂದು ಲೆಕ್ಕ. ತನ್ನನ್ನು ಕಳುಹಿಸಿದ ಒಕ್ಕಲಿಗೆ ಅರ್ಥವಾಗದ ಭಾಷೆಯಲ್ಲಿ ಅವನ ಕಷ್ಟವನ್ನು ಹೇಳುವುದು ಗೋಪಾಲಗೌಡರಿಗೆ ಅಪಹಾಸ್ಯವಾಗಿ ಕಂಡಿತು. ಲೋಹಿಯಾ ಅವರು ಇಂಗ್ಲಿಷ್ ತೊಲಗಲೆಂದು ಹೂಡಿದ ಚಳವಳಿಯನ್ನು ಹೊರಗಿನ ಎಷ್ಟೋ ಮಂದಿ ಹಿಂದಿಯ ಚಳವಳಿಯೆಂದೇ ತಿಳಿದರು. ಗೋಪಾಲಗೌಡರಿಗೆ ಅದು ಕನ್ನಡದ ಚಳವಳಿ. ಮಾತಿಗೆ ನಿಂತರೆ ಮಲೆನಾಡಿನ ಗಾದೆ, ಬಯಲಾಟದ ಉಪಮೆ, ಹರಿತವಾದ ವ್ಯಂಗ್ಯ ಎಲ್ಲ ಬರುತ್ತಿದ್ದವು. ಸಿಟ್ಟೂ ಬರುತ್ತಿತ್ತು. ಸಿಟ್ಟಿನಲ್ಲಿ ಅಳತೆ ತಪ್ಪಿದುದೂ ಉಂಟು. ಅದನ್ನು ಮುಚ್ಚಿಡುವುದು ಚರಿತ್ರೆಯನ್ನು ಬರೆಯುವವರ ಕೆಲಸವಲ್ಲ. ಆದರೂ ಎದುರು ಪಕ್ಷದಲ್ಲಿ ಅವರಿಗೆ ಸ್ನೇಹಿತರಿಗೆ ಕೊರತೆಯಿರಲಿಲ್ಲ. 1952ರಲ್ಲಿ ಹುಣಸೂರಿನಿಂದ ಅದೇ ಸಭೆಗೆ ಬಂದಿದ್ದ ಡಿ. ದೇವರಾಜ ಅರಸರು ಅವರಲ್ಲಿ ಒಬ್ಬರು.

ರಾಜ್ಯ ಪುನರ್ವಿಂಗಡಣೆಯ ಪ್ರಶ್ನೆ ಎದ್ದಾಗ ಹಳೆಯ ಮೈಸೂರಿನಲ್ಲಿ ಎರಡು ಮನಸ್ಸಿದ್ದಿತು. ಮುಂಬಯಿ ಪ್ರಾಂತ, ಹೈದರಾಬಾದು, ಮದರಾಸು ಸೀಮೆಗಳ ಕನ್ನಡಿಗರು ನಮ್ಮವರೇ ಹೌದು. ಆದರೆ ನಮ್ಮ ತುಂಬಿದ ಮನೆಗೆ ಅವರ ಬಡತನ ಬಂದೀತೇನೋ, ಜಾತಿಯ ತಕ್ಕಡಿ ಏರುಪೇರಾದೀತೇನೋ ಎಂಬ ಅಳುಕು ಹಲವರನ್ನು ಕಾಡಿತು. ಗೋಪಾಲಗೌಡರು ಏಕೀಕರಣದ ಪರವಾಗಿ ಸ್ಪಷ್ಟವಾಗಿ ನಿಂತರು. ಹೊರನಾಡಿನಲ್ಲಿ ಧಾರವಾಡದವರು, ಕಲಬುರ್ಗಿಯವರು, ಮಂಗಳೂರಿನವರು, ಮೈಸೂರಿನವರೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ನಮಗೆ ಆ ಅಳುಕು ವಿಚಿತ್ರವಾಗಿ ತೋರುತ್ತದೆ. ಆಗ ಅದು ನಿಜವಾಗಿದ್ದಿತು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಹೆಸರು ಮಾತ್ರ ಮೈಸೂರೆಂದೇ ಉಳಿಯಿತು. ಒಂದು ಅರಮನೆಯ ಹೆಸರು ಇಡೀ ನಾಡಿಗೆ ಸಲ್ಲದೆಂದೂ, ಬೀದರಿನವನಿಗೂ ಕಾರವಾರದವನಿಗೂ ತನ್ನದೆನಿಸುವ ಹೆಸರು ಕರ್ನಾಟಕವೆಂದೂ ವಾದಿಸಿದವರಲ್ಲಿ, ಹಳೆಯ ಮೈಸೂರಿನ ಮಗನೇ ಆದ ಗೋಪಾಲಗೌಡರು ಮುಂದಿದ್ದರು.

ಮತದಾರನಿಗೆ ಮತದ ಬೆಲೆ ಕಲಿಸಿದವರನ್ನು ಮತದಾರ ಸೋಲಿಸಲೂಬಹುದು. 1957ರ ಚುನಾವಣೆಯಲ್ಲಿ ಗೋಪಾಲಗೌಡರು ಸೋತರು. ಆ ವೇಳೆಗೆ ಅವರ ಪಕ್ಷವೂ ಹೋಳಾಗಿದ್ದಿತು. 1952ರಲ್ಲಿ ಸಮಾಜವಾದಿ ಪಕ್ಷ ಕೃಪಲಾನಿಯವರ ಪಕ್ಷದೊಡನೆ ಬೆರೆತು ಪ್ರಜಾ ಸಮಾಜವಾದಿ ಪಕ್ಷವಾಯಿತು. 1955ರಲ್ಲಿ ಲೋಹಿಯಾ ಅವರು ಹೊರಗೆ ಬಿದ್ದು ಬೇರೆ ಸಮಾಜವಾದಿ ಪಕ್ಷ ಕಟ್ಟಿದರು. 1964ರಲ್ಲಿ ಮತ್ತೆ ಕೂಡಿ ಸಂಯುಕ್ತ ಸಮಾಜವಾದಿ ಪಕ್ಷವಾಯಿತು. ಅದೂ ಬಹುಕಾಲ ಒಂದಾಗಿ ಉಳಿಯಲಿಲ್ಲ. ಕಾಗೋಡಿನ ಒಕ್ಕಲಿಗೆ ಈ ಕೂಡಿಕೆ ಕಳೆಯುವಿಕೆಗಳ ಮರ್ಮ ಹೇಗೆ ತಿಳಿಯಬೇಕು? ಇದು ಸಮಾಜವಾದಿಗಳ ದೊಡ್ಡ ದೋಷ. ಜನರನ್ನು ಒಂದುಗೂಡಿಸಲು ಹೊರಟವರು ತಾವು ಒಂದುಗೂಡಲಾರದೆ ಹೋದರು. ಗೋಪಾಲಗೌಡರು ಲೋಹಿಯಾ ಅವರನ್ನು ಬಿಡಲಿಲ್ಲ. ಆಳುವ ಪಕ್ಷಕ್ಕೆ ಹೋಗಿದ್ದರೆ ಮಂತ್ರಿಪದವಿ ದೂರವಿರಲಿಲ್ಲವೆಂದು ಅವರನ್ನು ಬಲ್ಲವರು ಹೇಳುತ್ತಾರೆ. ಹೋಗಲಿಲ್ಲ. 1962ರಲ್ಲಿ ತೀರ್ಥಹಳ್ಳಿಯಿಂದ ಆರಿಸಿ ಬಂದರು. 1967ರಲ್ಲಿ ಮತ್ತೆ ಅಲ್ಲಿಂದಲೇ ಬಂದರು.

ಬೆರಳಿನ ಮೇಲಿನ ಶಾಯಿಯ ಒಂದು ಮಾತನ್ನೂ ಇಲ್ಲಿ ಸೇರಿಸುತ್ತೇನೆ. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅಳಿಸದ ಶಾಯಿಯನ್ನು ಒದಗಿಸುತ್ತ ಬಂದುದು ಮೈಸೂರಿನ ಬಣ್ಣದ ಕಾರ್ಖಾನೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ಥಾಪಿಸಿದ್ದು ಅದು. ನಾವು ಮುಂಬಯಿಯಲ್ಲಿ ಹಾಕಲಿ, ದಿಲ್ಲಿಯಲ್ಲಿ ಹಾಕಲಿ, ಮತ ಹಾಕಿ ಬಂದ ಬೆರಳಿನ ಮೇಲೆ ಒಂದು ತೊಟ್ಟು ಮೈಸೂರು ಇರುತ್ತದೆ. ಮಕ್ಕಳಿಗೆ ಹೇಳಿದರೆ ಖುಷಿಪಡುತ್ತಾರೆ.

ಗೋಪಾಲಗೌಡರು ಬರಿಯ ರಾಜಕಾರಣಿಯಾಗಿದ್ದರೆ ಅವರ ಸುತ್ತ ಅಂಥ ಬಳಗ ಸೇರುತ್ತಿರಲಿಲ್ಲ. ಕಾವ್ಯ, ಸಂಗೀತ ಎಂದರೆ ಅವರಿಗೆ ಪ್ರಾಣ. ಅನಂತಮೂರ್ತಿ, ಲಂಕೇಶ, ತೇಜಸ್ವಿಯವರ ತಲೆಮಾರಿನ ಬರಹಗಾರರಿಗೆ ಅವರು ಅಣ್ಣನಂತೆ ಇದ್ದರು. ಅನಂತಮೂರ್ತಿಯವರ ಅವಸ್ಥೆ ಕಾದಂಬರಿಯ ಕೃಷ್ಣಪ್ಪಗೌಡನಲ್ಲಿ ಗೋಪಾಲಗೌಡರ ನೆರಳನ್ನು ಓದುಗರು ಕಂಡಿದ್ದಾರೆ. ಕಾದಂಬರಿ ಕಾದಂಬರಿಯೇ, ಅದರಲ್ಲಿರುವುದೆಲ್ಲ ನಡೆದುದೆಂದು ತಿಳಿಯಬಾರದು. ರಾಜಕೀಯದಲ್ಲಿ ಅವರನ್ನು ನೋಡಿ ಬೆಳೆದವರ ಪಟ್ಟಿ ಇನ್ನೂ ದೊಡ್ಡದು. ಜೆ. ಹೆಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದರು. ಆ ಸಭೆಯಲ್ಲಿ ಕನ್ನಡ ಕೇಳಿಸಿದ್ದು ಅದೇ ಮೊದಲು. ದಿಲ್ಲಿಯ ಕನ್ನಡಿಗರಿಗೆ ಅಂದು ಎಷ್ಟು ಸಂತೋಷವಾಗಿರಬೇಡ! ಪಟೇಲರೂ, ಸೊರಬದ ಬಂಗಾರಪ್ಪನವರೂ ಮುಂದೆ ಮುಖ್ಯಮಂತ್ರಿಗಳಾದರು. ಕಾಗೋಡಿನ ಮಗನೇ ಆದ ಕಾಗೋಡು ತಿಮ್ಮಪ್ಪನವರು 2013ರಲ್ಲಿ ವಿಧಾನಸಭೆಯ ಅಧ್ಯಕ್ಷ ಪೀಠದಲ್ಲಿ ಕುಳಿತರು, ಆಮೇಲೆ ಕಂದಾಯ ಮಂತ್ರಿಗಳೂ ಆದರು. ಒಡೆಯರ ಮುಂದೆ ಕುಳಿತುಕೊಳ್ಳಲು ಒಂದು ಕಾಲಕ್ಕೆ ಅಪ್ಪಣೆಯಿಲ್ಲದಿದ್ದ ಊರದು.

ಸಂಸಾರದ ವಿಷಯ ಹೆಚ್ಚು ಹೇಳುವುದಿಲ್ಲ. ಮದುವೆಯಾದುದು ತಡವಾಗಿ, ನಲವತ್ತರ ಹೊತ್ತಿಗೆ. ಮೂರು ಸಲ ಶಾಸಕರಾಗಿದ್ದವರು ಆಸ್ತಿಯೆಂಬುದನ್ನು ಮಾಡಲಿಲ್ಲ. ಮಾಡಲಿಲ್ಲವೆಂದು ಹೊಗಳುವುದು ನಮಗೆ ಸುಲಭ; ಅದರ ಭಾರ ಬಿದ್ದುದು ಮನೆಯವರ ಮೇಲೆ ಎಂಬುದನ್ನೂ ಮರೆಯಬಾರದು. ಹೊತ್ತಿಲ್ಲದ ಹೊತ್ತಿನಲ್ಲಿ ಊಟ, ತಿರುಗಾಟ, ಜೈಲು, ಸಿಟ್ಟು, ಎಲ್ಲ ಸೇರಿ ದೇಹವನ್ನು ಹಣ್ಣು ಮಾಡಿದವು. ಕೊನೆಯ ವರ್ಷಗಳಲ್ಲಿ ಕಾಯಿಲೆ ಅವರನ್ನು ಮೂಲೆಗೆ ತಳ್ಳಿತು. 1967ರ ಅಕ್ಟೋಬರಿನಲ್ಲಿ ಲೋಹಿಯಾ ಅವರು ತೀರಿಕೊಂಡಿದ್ದರು; ಪಕ್ಷ ಅನಾಥವಾಗಿದ್ದಿತು. 1972ರ ಮಾರ್ಚಿನಲ್ಲಿ ಹಳೆಯ ಸ್ನೇಹಿತ ದೇವರಾಜ ಅರಸರು ಮುಖ್ಯಮಂತ್ರಿಗಳಾದುದನ್ನು ಅವರು ಕಂಡರು. ಅದೇ ವರ್ಷ ಜೂನ್ 9ರಂದು ಬೆಂಗಳೂರಿನಲ್ಲಿ ಅವರ ಉಸಿರು ನಿಂತಿತು. ಐವತ್ತು ತುಂಬಿರಲಿಲ್ಲ.

1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಮರುವರ್ಷ, 1974ರ ಮಾರ್ಚ್ 1ರಿಂದ, ತಿದ್ದುಪಡಿಯಾದ ಭೂಸುಧಾರಣೆ ಕಾನೂನು ಜಾರಿಗೆ ಬಂದಿತು. ಅದಕ್ಕೆ ಮೊದಲೂ ಕಾನೂನುಗಳಿದ್ದವು. ಕಡಿದಾಳ್ ಮಂಜಪ್ಪನವರು ಕಂದಾಯ ಮಂತ್ರಿಗಳಾಗಿದ್ದಾಗ ಗೇಣಿ ಮತ್ತು ಇನಾಂಗಳ ವಿಷಯದಲ್ಲಿ ಮಾಡಿದ ಕೆಲಸ ಚಿಕ್ಕದಲ್ಲ. 1961ರ ಕಾನೂನೂ ಇದ್ದಿತು. ಆದರೆ ಅವುಗಳ ಸಂದಿಗಳಲ್ಲಿ ಒಡೆಯರು ನುಸುಳಿ ಹೋಗಬಹುದಾಗಿದ್ದಿತು. ಈ ಸಲ ಗೇಣಿಯೇ ರದ್ದಾಯಿತು. ತಾಲ್ಲೂಕು ತಾಲ್ಲೂಕಿನಲ್ಲಿ ನ್ಯಾಯಮಂಡಳಿ ಕುಳಿತಿತು. ಗೇಣಿದಾರರು ಏಳನೆಯ ನಮೂನೆಯ ಅರ್ಜಿ ತುಂಬಿದರು. ಬರೆಯಲು ಬಾರದವರು ಶಾಲೆಗೆ ಹೋಗುವ ಮಗನಿಂದ ತುಂಬಿಸಿದರು. ರಸೀತಿ ಇಲ್ಲದ ಗೇಣಿಗೆ ಸಾಕ್ಷಿಯೇನೆಂದು ಕೇಳಿದರೆ ಅಕ್ಕಪಕ್ಕದ ಗದ್ದೆಯವರು ಎದ್ದು ನಿಂತು ಸಾಕ್ಷಿ ಹೇಳಿದರು. ಕೆಲವರಿಗೆ ಸಿಕ್ಕಿತು, ಕೆಲವರಿಗೆ ಸಿಕ್ಕಲಿಲ್ಲ, ಕೆಲ ಮೊಕದ್ದಮೆಗಳು ಹೈಕೋರ್ಟಿಗೆ ಹೋಗಿ ಮಕ್ಕಳ ಕಾಲಕ್ಕೆ ಮುಗಿದವು. ಗೇಣಿಯ ಅಧಿಕಾರವನ್ನು ಸ್ಥಾಪಿಸಿಕೊಂಡವರ ಸಂಖ್ಯೆ ನಾಡಿನಲ್ಲೆಲ್ಲ ಲಕ್ಷಗಟ್ಟಲೆ. ಸಾಗರದ ಕಡೆಯ ಹಳ್ಳಿಗಳಲ್ಲಿಯೂ ಪಹಣಿಯ ಕಲಮಿನಲ್ಲಿ ಒಡೆಯರ ಹೆಸರು ಹೊಡೆದು ಒಕ್ಕಲಿನ ಹೆಸರು ಬರೆದರು. 1952ರ ಮತದಾರರ ಪಟ್ಟಿಯಲ್ಲಿ ಅದೇ ಹೆಸರು ಇಪ್ಪತ್ತೆರಡು ವರ್ಷ ಮೊದಲೇ ಇದ್ದಿತು.